ಮಕ್ಕಳ ಚಿತ್ರವೂ ಹಿರಿಯರ ರದ್ದಿಯೂ

ನಮ್ಮ ಸಂಘದ ಕಳೆದ ಕೂಟದಲ್ಲಿ, ಕಾರ್ಯಕಲಾಪಗಳೆಲ್ಲ ಮುಗಿದು ಕಾಫಿ ಹಂಚುತ್ತಿದ್ದ ಸಮಯದಲ್ಲಿ, ಮಾನ್ಯ ಸದಸ್ಯರೊಬ್ಬರು ಒಂದು ಮಾತನ್ನಾಡಿದರು. ಈಗಿನ ಹುಡುಗ ಹುಡುಗಿಯರು ಕಂಪ್ಯೂಟರಿನ ಮುಂದೆ ಕುಳಿತು, ಯಾರೂ ಕೇಳದ, ಯಾರೂ ಕಾಸು ಕೊಡದ ಚಿತ್ರಗಳನ್ನು ಬರೆದುಕೊಂಡು ಹೊತ್ತು ಕಳೆಯುತ್ತಾರೆ. ಅವುಗಳಲ್ಲಿ ಅರ್ಧ ಹಳೆಯ ಕಾಲದ ಜಾಹೀರಾತುಗಳ ಅಣಕ, ಇನ್ನರ್ಧ ಬೆಂಕಿಯುಗುಳುವ ಸರ್ಪ, ತೇಲುವ ಕೋಟೆ, ರೆಕ್ಕೆಯ ಕುದುರೆ. ಇಂಥ ಕೆಲಸದಿಂದ ಅನ್ನವೂ ಇಲ್ಲ, ಜ್ಞಾನವೂ ಇಲ್ಲ, ನಮ್ಮ ಸಂಸ್ಕೃತಿಯಂತೂ ಮೊದಲೇ ಇಲ್ಲ ಎಂಬುದು ಅವರ ಅಭಿಪ್ರಾಯ. ನೆರೆದವರಲ್ಲಿ ಬಹುಮಂದಿ ತಲೆದೂಗಿದರು. ನಾನೂ ತಲೆದೂಗಿದೆನೆಂಬುದನ್ನು ಮುಚ್ಚಿಡುವುದಿಲ್ಲ. ಹಾಗೆ ತಲೆದೂಗಿದ್ದಕ್ಕೆ ಪ್ರಾಯಶ್ಚಿತ್ತವಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ. ಇದರಿಂದ ಆ ಮಹನೀಯರಿಗೆ ಅಸಮಾಧಾನವಾದರೆ ಆಗಲಿ. ಅವರು ನನ್ನ ಹಳೆಯ ಮಿತ್ರರು, ಸಹಿಸಿಕೊಂಡಾರು.

ಕೂಟವಾದ ಎರಡು ವಾರಕ್ಕೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳಿ ಕಾವಲ್ ಸಮೀಪದಲ್ಲಿರುವ ಒಂದು ಪರಿಚಿತರ ಮನೆಗೆ ಹೋಗುವ ಸಂದರ್ಭ ಒದಗಿತು. ಕಾವಲೆಂದರೆ ದನಗಳ ಮೇವಿಗಾಗಿ ಕಾಯ್ದಿಟ್ಟ ಹುಲ್ಲುಗಾವಲೆಂಬುದನ್ನು ನಮ್ಮ ಕಡೆಯ ವಾಚಕರಿಗೆ ಹೇಳಬೇಕಾದುದಿಲ್ಲ. ಹಳೆಯ ಮೈಸೂರಿನ ಅಮೃತಮಹಲ್ ದನಗಳ ಕಾಲದಿಂದ ಈ ಮಾತು ನಮ್ಮ ಊರುಗಳ ಹೆಸರಿಗೆ ಅಂಟಿಕೊಂಡಿದೆ. ಈಗ ಅಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. ೬೧೫ ಎಕರೆ ಜಾಗ. ೨೦೧೬ರ ಜನವರಿ ೩ರಂದು ಶಂಕುಸ್ಥಾಪನೆ, ೨೦೨೩ರ ಫೆಬ್ರವರಿ ೬ರಂದು ಉದ್ಘಾಟನೆ. ಆ ಮನೆಯ ಯಜಮಾನರು ನನ್ನ ಹಳೆಯ ಶಿಷ್ಯರು. ಮಗಳು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ, ಈಗ ಮನೆಯಲ್ಲಿಯೇ ಇದ್ದುಕೊಂಡು ಯಾವುದೋ ಕಂಪನಿಯ ಕೆಲಸ ಮಾಡುತ್ತಾಳೆ.

"ನೋಡಿ ಮೇಷ್ಟ್ರೇ, ಇವಳನ್ನ ಓದಿಸಿದ್ದು ಇದಕ್ಕಾ? ಸಂಜೆ ಕೆಲಸ ಮುಗಿದ ಮೇಲೆ ನಡುರಾತ್ರಿವರೆಗೂ ದೆವ್ವ ಭೂತ ಬರೀತಾ ಕೂತಿರ್ತಾಳೆ. ನೀವಾದರೂ ಬುದ್ಧಿ ಹೇಳಿ" ಎಂದು ಅವರು ನನ್ನನ್ನು ಪಂಚಾಯಿತಿಗೆ ಕೂರಿಸಿದರು.

ಹುಡುಗಿ ಏನೂ ಹೇಳದೆ ತನ್ನ ಟ್ಯಾಬ್ಲೆಟನ್ನು ತಂದು ನನ್ನ ಮುಂದಿಟ್ಟಳು. ನಾನು ಕನ್ನಡಕ ಏರಿಸಿಕೊಂಡು ಒಂದೊಂದಾಗಿ ನೋಡಿದೆನು. ನೇರಳೆ ಗುಲಾಬಿ ಬಣ್ಣಗಳ ಸೂರ್ಯಾಸ್ತ, ಅದರ ಕೆಳಗೆ ಗೆರೆಗೆರೆಯಾಗಿ ಹರಿದುಹೋಗುವ ಹೆದ್ದಾರಿ, ಎರಡು ಪಕ್ಕದಲ್ಲಿ ತಾಳೆಮರ. ಇದು ೧೯೮೦ರ ದಶಕದ ಅಮೆರಿಕಾದ ನೆನಪು. ಹುಡುಗಿ ಹುಟ್ಟಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ, ತಾಳೆಮರದ ಬದಲು ತೆಂಗು ಅಡಕೆಗಳ ನಡುವೆ. ಮುಂದಿನದು ಚೂಪು ಗೋಪುರಗಳ ಕೋಟೆ, ಅದರ ಮೇಲೆ ಸುತ್ತಿಕೊಂಡ ರೆಕ್ಕೆಯ ಸರ್ಪ. ಕೈ ಪಳಗಿದೆ, ನೆರಳು ಬೆಳಕಿನ ಜ್ಞಾನವಿದೆ, ತಾಳ್ಮೆಯಂತೂ ಅಪಾರವಾಗಿದೆ. ಆದಾಗ್ಯೂ ನನ್ನೊಳಗಿನ ಮೇಷ್ಟ್ರು ಸುಮ್ಮನಿರಲಿಲ್ಲ.

"ಈ ಕೋಟೆ ಯಾವ ಊರಿನದಮ್ಮ? ಮಧುಗಿರಿಯ ಕೋಟೆಯನ್ನು ನೋಡಿಲ್ಲವೇ? ಕುಣಿಗಲ್ ಕಡೆಯ ಹುತ್ರಿದುರ್ಗವನ್ನು?"

"ನೋಡಿದೀನಿ ತಾತ. ಆದರೆ ಅದನ್ನ ಕಥೆ ಥರ ಹೇಗೆ ಬರೀಬೇಕು ಅಂತ ನಾನು ಯಾವುದನ್ನ ನೋಡಿ ಕಲೀಲಿ? ನಮ್ಮೋರು ಬರೆದಿದ್ದು ನಿಮ್ಮ ಹತ್ತಿರ ಇದ್ದರೆ ತೋರಿಸಿ."

ಅವಳು ಉದ್ಧಟತನದಿಂದ ಹೇಳಿದ ಮಾತಲ್ಲ ಇದು. ನಿಜವಾಗಿಯೂ ನೋಡಬೇಕೆಂಬ ಆಸೆ ಅದರಲ್ಲಿತ್ತು. ನಾನು ಆಗಲೆಂದು ಒಪ್ಪಿಕೊಂಡು ಊರಿಗೆ ಹಿಂದಿರುಗಿ ಅಟ್ಟ ಹತ್ತಿಸಿ ಹುಡುಕಿಸಿದೆನು. ಅಟ್ಟದಲ್ಲಿ ಏನಿತ್ತು? ಒಡೆದ ಕುಕ್ಕರು, ಎರಡು ಹಾಸಿಗೆ, ಮಗನ ಪಾಠದ ಗೈಡುಗಳು. ಚಂದಮಾಮದ ಮೂವತ್ತು ವರ್ಷದ ಸಂಚಿಕೆಗಳು, ಕಟ್ಟುಕಟ್ಟಾಗಿ ಹೊಲಿಸಿ ಇಟ್ಟಿದ್ದವು, ಎಲ್ಲಿ ಹೋದುವು? ಮನೆಯವರು ನೆನಪಿಸಿದರು: ಸುಣ್ಣ ಹೊಡೆಸುವ ವರ್ಷ ನಾನೇ ತೂಕದ ಲೆಕ್ಕದಲ್ಲಿ ಕೊಟ್ಟೆನಂತೆ. ಕ್ಯಾಲೆಂಡರುಗಳು? ಅವು ಪುಸ್ತಕಗಳಿಗೆ ರಟ್ಟು ಹಾಕಲು ಹೋದುವು. ವಾಚಕಮಹಾಶಯರೇ, ನಿಮ್ಮ ಅಟ್ಟದ ಕಥೆಯೂ ಇದಕ್ಕಿಂತ ಬಹಳ ಬೇರೆಯಾಗಿರಲಾರದು.

ಹೀಗಿರುವಾಗ ನಾವು ಮಕ್ಕಳ ಮೇಲೆ ಹೊರಿಸುವ ಅಪರಾಧವೇನು? ಪರರ ಹಳೆಯದನ್ನು ಬರೆಯುತ್ತಾರೆ ಎಂದು. ನಮ್ಮ ಹಳೆಯದನ್ನು ರದ್ದಿಗೆ ಹಾಕಿದವರು ಯಾರು? ಅಂಗಡಿಯವನ ತಕ್ಕಡಿಯ ಮುಂದೆ ನಿಂತು ಚಿಲ್ಲರೆ ಎಣಿಸಿಕೊಂಡವರು ನಾವು. ಮಕ್ಕಳು ಆ ಹೊತ್ತಿಗೆ ಹುಟ್ಟಿರಲೇ ಇಲ್ಲ.

ಏನನ್ನು ಕಳೆದುಕೊಂಡೆವೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏತಕ್ಕೆಂದರೆ ಅನೇಕರು ಅದನ್ನು ಕಳೆದುಕೊಳ್ಳತಕ್ಕ ವಸ್ತುವೆಂದೇ ಎಣಿಸಿಲ್ಲ. ಚಂದಮಾಮ ೧೯೪೭ರ ಜುಲೈನಲ್ಲಿ ಮದರಾಸಿನಲ್ಲಿ ತೆಲುಗು ತಮಿಳುಗಳಲ್ಲಿ ಹೊರಟಿತು. ೧೯೪೯ರಲ್ಲಿ ಕನ್ನಡಕ್ಕೆ ಬಂದಿತು. ಅದರ ಮುಖಪುಟಗಳಲ್ಲಿ ಮಹಾಭಾರತವನ್ನು ಚಿತ್ರಿಸಿದ ಎಂ. ಟಿ. ವಿ. ಆಚಾರ್ಯರು ನಮ್ಮ ಕನ್ನಡದವರು. ಮುಂದೆ ಅವರು ಬೆಂಗಳೂರಿನಲ್ಲಿ ಆಚಾರ್ಯ ಚಿತ್ರಕಲಾ ಭವನವನ್ನು ನಡೆಸಿ, ಅಂಚೆಯ ಮೂಲಕ ಚಿತ್ರಪಾಠ ಕಲಿಸಿದರು. ಹಳ್ಳಿಯಲ್ಲಿ ಕುಳಿತ ಹುಡುಗನಿಗೆ ಲಕೋಟೆಯಲ್ಲಿ ಗುರು ಬರುವುದೆಂದರೆ ಎಂಥ ಏರ್ಪಾಡು! ವಿಕ್ರಮನ ಹೆಗಲ ಮೇಲೆ ಬೇತಾಳವನ್ನು ಕೂರಿಸಿದ ಶಂಕರ್ ಅವರು, ಅಂದರೆ ಕೆ. ಸಿ. ಶಿವಶಂಕರನ್, ೨೦೨೦ರಲ್ಲಿ ತೊಂಬತ್ತು ಮೀರಿದ ವಯಸ್ಸಿನಲ್ಲಿ ತೀರಿಕೊಂಡರು. ಆ ಒಂದು ಚಿತ್ರದಿಂದಲೇ ಸ್ಮಶಾನವೆಂದರೆ ಹೇಗಿರುತ್ತದೆಂಬ ಕಲ್ಪನೆ ನಮ್ಮ ತಲೆಮಾರಿಗೆಲ್ಲ ಬಂದದ್ದು. ಪತ್ರಿಕೆ ೨೦೧೩ರಲ್ಲಿ ನಿಂತುಹೋಯಿತು. ನಿಂತಾಗ ನಾವೆಲ್ಲ "ಅಯ್ಯೋ" ಎಂದೆವು. ಅಷ್ಟರಲ್ಲಿ ಅದನ್ನು ತರಿಸುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ಎಸ್. ಎಂ. ಪಂಡಿತರ ವಿಷಯ ಇನ್ನೂ ವಿಚಿತ್ರವಾಗಿದೆ. ೧೯೧೬ರಲ್ಲಿ ಕಲಬುರ್ಗಿಯಲ್ಲಿ ಹುಟ್ಟಿದ ಈ ಚಿತ್ರಕಾರರು ಮುಂಬಯಿಗೆ ಹೋಗಿ, ಹಾಲಿವುಡ್ ಚಲನಚಿತ್ರಗಳ ಪ್ರಚಾರಕ್ಕಾಗಿ ಚಿತ್ರಗಳನ್ನು ಬರೆದು ಹೆಸರಾದರು. ಆ ಮೇಲೆ ಅದೇ ಕುಂಚದಿಂದ ಪುರಾಣಕ್ಕೆ ಬಂದು ಕೃಷ್ಣ, ಭೀಮ, ವಿಶ್ವಾಮಿತ್ರ ಮೇನಕೆಯರನ್ನು ಕ್ಯಾಲೆಂಡರುಗಳ ಮೇಲೆ ಇಳಿಸಿದರು. ಅವರ ವೀರರ ತೋಳುಗಳಲ್ಲಿಯೂ ಅಪ್ಸರೆಯರ ಮೇಲೆ ಬೀಳುವ ಬೆಳಕಿನಲ್ಲಿಯೂ ಹಾಲಿವುಡ್ಡಿನ ಛಾಯೆ ಸ್ಪಷ್ಟವಾಗಿದೆ. ಆದರೂ ಅದನ್ನು ನಮ್ಮ ತಾಯಂದಿರು ದೇವರ ಮನೆಯ ಬಾಗಿಲಿಗೆ ತೂಗುಹಾಕಿ ಕುಂಕುಮವಿಟ್ಟರು. ಪರದೇಶದ ಕೈಚಳಕವನ್ನು ಕಲಿಯುವುದೇ ದ್ರೋಹವೆಂದು ವಾದಿಸುವವರು ಮೊದಲು ಆ ಕುಂಕುಮವನ್ನು ಒರೆಸಿ ಬರಲಿ.

ಇಂಥದೇ ಇನ್ನೊಂದು ಸಂಗತಿ. ಅಮರ ಚಿತ್ರ ಕಥೆಯೆಂದರೆ ಭಾರತೀಯ ಪುರಾಣೇತಿಹಾಸಗಳ ಭಂಡಾರವೆಂದು ನಾವು ಮೆಚ್ಚುತ್ತೇವೆ. ಅದರ ಸಂಪಾದಕರಾಗಿ ಕೀರ್ತಿ ಪಡೆದ ಅನಂತ ಪೈಗಳು ೧೯೨೯ರಲ್ಲಿ ಕಾರ್ಕಳದಲ್ಲಿ ಹುಟ್ಟಿದವರೆಂದು ಹೆಮ್ಮೆಯನ್ನೂ ಪಡುತ್ತೇವೆ. ಆದರೆ ಆ ಮಾಲೆಯ ಮೊದಲನೆಯ ಹತ್ತು ಪುಸ್ತಕಗಳು ಯಾವುವು? ೧೯೬೫ರ ಸುಮಾರಿನಲ್ಲಿ ಬೆಂಗಳೂರಿನಲ್ಲಿ ಕನ್ನಡದಲ್ಲಿ ಹೊರಟ ಪರದೇಶದ ಕಥೆಗಳು: ಸಿಂಡರೆಲ್ಲಾ, ಅಲ್ಲಾದೀನ, ಪಿನೋಕಿಯೋ ಮೊದಲಾದುವು. ಕೃಷ್ಣನ ಕಥೆಗೆ ಹನ್ನೊಂದನೆಯ ಸಂಖ್ಯೆ ಬಂದದ್ದು ಇದರಿಂದಲೇ. ಸಿಂಡರೆಲ್ಲಾ ಮೊದಲು ಬಂದಳೆಂದು ಕೃಷ್ಣನು ಮುನಿಸಿಕೊಂಡು ಹೋಗಲಿಲ್ಲ. ಬಿದರೆಹಳ್ಳಿ ಕಾವಲಿನ ಹುಡುಗಿಯ ಚೂಪು ಗೋಪುರಕ್ಕೂ ಇಷ್ಟು ಅವಕಾಶ ಕೊಟ್ಟರೆ ನಮಗೆ ನಷ್ಟವೇನು?

ಇನ್ನು ಗುಬ್ಬಿಯ ಮಾತು. ಗುಬ್ಬಿಯವರ ಮುಂದೆ ನಿಂತು ಕಲ್ಪನಾಚಿತ್ರಗಳು ನಮ್ಮ ಸಂಸ್ಕೃತಿಯಲ್ಲವೆಂದು ಹೇಳುವುದಕ್ಕೆ ಎಷ್ಟು ಎದೆಗಾರಿಕೆ ಬೇಕು! ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ ೧೮೮೪ರಲ್ಲಿ ಹುಟ್ಟಿತು. ಜಿ. ಎಚ್. ವೀರಣ್ಣನವರ ಕೈಗೆ ಬಂದ ಮೇಲೆ ಅದರ ರಂಗವೈಭವ ದೇಶದಲ್ಲೆಲ್ಲ ಮಾತಾಯಿತು. ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಆನೆಯನ್ನು ಎಲ್ಲರೂ ನೆನೆಯುತ್ತಾರೆ. ಆನೆಯ ಹಿಂದೆ ಇಳಿಬಿಟ್ಟ ಪರದೆಯನ್ನು ಯಾರು ನೆನೆಯುತ್ತಾರೆ? ಕಂಪನಿ ನಾಟಕವೆಂದರೆ ಒಂದಾದ ಮೇಲೊಂದು ಸುರುಳಿ ಬಿಚ್ಚುವ ಪರದೆಗಳು: ಅರಮನೆಯ ಮೊಗಸಾಲೆ, ಕಂಬದ ಸಾಲು, ಘೋರಾರಣ್ಯ, ಬೀದಿ, ಇಂದ್ರಸಭೆ. ಬಟ್ಟೆಯ ಮೇಲೆ ಬಣ್ಣ ಬಳಿದು, ಪೆಟ್ರೋಮ್ಯಾಕ್ಸ್ ದೀಪದ ಬೆಳಕಿನಲ್ಲಿ ಸ್ವರ್ಗವೆಂದು ನಂಬಿಸುವ ಕೆಲಸ ಅದು. ಹಿಂದಿನ ಸಾಲಿನಲ್ಲಿ ನೆಲಕ್ಕೆ ಕುಳಿತವನಿಗೂ ಕಂಬಗಳು ದೂರ ದೂರ ಸರಿದಂತೆ ಕಾಣಬೇಕಾದರೆ ಬರೆದವನಿಗೆ ಎಷ್ಟು ಲೆಕ್ಕಾಚಾರ ತಿಳಿದಿರಬೇಕು! ವೀರಣ್ಣನವರು ೧೯೭೨ರಲ್ಲಿ ತೀರಿಕೊಂಡರು, ಅವರ ಹೆಸರು ಉಳಿದಿದೆ, ಉಳಿಯತಕ್ಕದ್ದೇ. ಪರದೆ ಬರೆದವರಲ್ಲಿ ಒಬ್ಬರ ಹೆಸರನ್ನಾದರೂ ತಟ್ಟನೆ ಹೇಳಬಲ್ಲ ವಾಚಕರಿದ್ದರೆ ದಯವಿಟ್ಟು ಈ ಪತ್ರಿಕೆಗೆ ಬರೆಯಲಿ; ನಾನು ಕೈಮುಗಿದು ಅಚ್ಚುಹಾಕಿಸುತ್ತೇನೆ.

ಕಲ್ಪನೆಯೆಂದರೆ ಸುಳ್ಳು, ವೈಜ್ಞಾನಿಕ ಯುಗಕ್ಕೆ ಅದು ಒಗ್ಗದು, ಎಂಬ ಆಕ್ಷೇಪವೂ ಉಂಟು. ಇದಕ್ಕೆ ಉತ್ತರವಾಗಿ ಹೆಚ್ಚು ಬರೆಯುವ ಇಚ್ಛೆ ನನಗಿಲ್ಲ. ಎರಡು ತಲೆಯ ಗಂಡಭೇರುಂಡ ಯಾವ ಕಾಡಿನಲ್ಲಿಯೂ ಸಿಕ್ಕುವ ಪಕ್ಷಿಯಲ್ಲ. ಬಳ್ಳಿಗಾವೆಯಲ್ಲಿ ೧೦೪೭ರಲ್ಲಿಯೇ ಅದನ್ನು ಕಂಬದ ತುದಿಗೆ ಏರಿಸಿದ್ದಾರೆ, ಇಂದು ಅದು ನಮ್ಮ ರಾಜ್ಯದ ಲಾಂಛನದಲ್ಲಿದೆ, ಬಸ್ಸಿನ ಮೈಮೇಲಿದೆ. ತುಮಕೂರಿನ ಪಕ್ಕದ ಕೈದಾಳದ ಹೆಸರಿಗೇ ಜಕಣಾಚಾರಿಯ ಕೈ ಮರಳಿ ಬಂದ ಕಥೆಯನ್ನು ಜನ ಕಟ್ಟಿಕೊಂಡಿದ್ದಾರೆ. ಈ ಸುಳ್ಳುಗಳಿಲ್ಲದೆ ನಮ್ಮ ಜಿಲ್ಲೆಯಲ್ಲಿ ಒಂದು ದಿನ ಬದುಕಿ ತೋರಿಸಲಿ. ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ ಇಟಲಿಯ ಲಿಯೊನಾರ್ಡೊ ಗಾಳಿಯನ್ನು ತಿರುಪಿನಂತೆ ಕೊರೆದು ಮೇಲೇರುವ ಯಂತ್ರವೊಂದರ ಚಿತ್ರ ಬರೆದಿಟ್ಟನು, ಅದು ಎಂದಿಗೂ ಹಾರಲಿಲ್ಲ, ಇಂದು ಹೆಲಿಕಾಪ್ಟರಿನ ಚರಿತ್ರೆ ಬರೆಯುವವರು ಅಲ್ಲಿಂದ ಆರಂಭಿಸುತ್ತಾರೆಂದು ಇಲ್ಲಿ ಹೇಳಿಬಿಡಬಹುದಾಗಿತ್ತು. ಕಾವಲಿನ ಕಾರ್ಖಾನೆಯವರು ಮೆಚ್ಚಿಕೊಳ್ಳುತ್ತಿದ್ದರೇನೋ. ಆದರೆ ಆ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಮುಂದೆಂದೋ ಯಂತ್ರವಾಗುವುದೆಂಬ ಆಸೆಯಿಂದ ಚಿತ್ರವನ್ನು ಕ್ಷಮಿಸುವುದಾದರೆ, ಅದು ಚಿತ್ರಕ್ಕೆ ಕೊಟ್ಟ ಮರ್ಯಾದೆಯಾಗಲಾರದು.

ಯಾರೂ ಕೇಳದೆ ಬರೆಯುವುದು ವ್ಯರ್ಥವೆಂಬ ಮಾತಿಗೆ ಬರೋಣ. ನಮ್ಮ ಮನೆಗಳಲ್ಲಿ ನಿಜವಾಗಿ ನೋವು ಕೊಡುವ ಮಾತು ಇದೇ. ಮುಮ್ಮಡಿ ಕೃಷ್ಣರಾಜ ಒಡೆಯರಿಂದ ೧೮೩೧ರಲ್ಲಿ ಇಂಗ್ಲಿಷರು ಆಡಳಿತವನ್ನು ಕಿತ್ತುಕೊಂಡರು. ಪಟ್ಟವಿದ್ದು ಅಧಿಕಾರವಿಲ್ಲದ ದೊರೆ, ೧೮೬೮ರವರೆಗೆ ಬದುಕಿದ್ದರು. ಅವರ ಆಶ್ರಯದಲ್ಲಿ ಶ್ರೀತತ್ತ್ವನಿಧಿಯೆಂಬ ಬೃಹತ್ ಸಚಿತ್ರ ಗ್ರಂಥ ಸಿದ್ಧವಾಯಿತು. ಸಾಮಾನ್ಯ ಗಂಜೀಫಾ ಎಲೆಗಳು ಸಾಲದೆಂದು, ಮುನ್ನೂರಕ್ಕೂ ಮಿಕ್ಕ ಎಲೆಗಳ ಹೊಸ ಆಟಗಳನ್ನು ಅವರೇ ಕಲ್ಪಿಸಿ ಚಿತ್ರಗಾರರಿಂದ ಬರೆಸಿದರು. ಲೋಕದ ದೃಷ್ಟಿಯಲ್ಲಿ ಕೆಲಸವಿಲ್ಲದವರ ಕೆಲಸ. ಇಂದು ಮೈಸೂರಿನ ಚಿತ್ರಪರಂಪರೆಯೆಂದು ಹೊರಗಿನವರಿಗೆ ನಾವು ಎತ್ತಿ ತೋರಿಸುವ ವಸ್ತುಗಳಲ್ಲಿ ಅವು ಮುಂದಾಗಿವೆ. ಅತ್ತ ಇಂಗ್ಲೆಂಡಿನಲ್ಲಿ ಟೋಲ್ಕೀನ್ ಎಂಬ ಹಳೆಯ ಇಂಗ್ಲಿಷಿನ ಪ್ರೊಫೆಸರರೊಬ್ಬರು ತಮ್ಮ ಮಕ್ಕಳಿಗೆಂದು ಹೇಳಿದ ಕಥೆಯನ್ನು ೧೯೩೭ರಲ್ಲಿ ಹಾಬಿಟ್ ಎಂಬ ಪುಸ್ತಕವಾಗಿ ಅಚ್ಚುಹಾಕಿಸಿದಾಗ, ಅದರ ನಕ್ಷೆ, ಚಿತ್ರ, ಹೊದಿಕೆಯ ಬೆಟ್ಟಗಳು ಎಲ್ಲವನ್ನೂ ತಾವೇ ಬರೆದರು. ಹುಡುಗಿಯ ರೆಕ್ಕೆಯ ಸರ್ಪದ ವಂಶ ಅಲ್ಲಿಗೂ ಹೋಗುತ್ತದೆ. ವ್ಯಾಕರಣದ ಪಂಡಿತನಿಗೆ ಚಿತ್ರ ಏತಕ್ಕೆಂದು ಅವರ ಮನೆಯಲ್ಲಿ ಯಾರಾದರೂ ಟ್ಯಾಬ್ಲೆಟ್ ಕಿತ್ತಿಟ್ಟಿದ್ದರೆ? ಅವರಿಗೆ ಟ್ಯಾಬ್ಲೆಟ್ ಇರಲಿಲ್ಲವೆನ್ನಿ.

ಹಳೆಯದರ ಮೇಲಣ ಮೋಹವನ್ನೂ ನಾವು ಅರ್ಥಮಾಡಿಕೊಂಡಿಲ್ಲ. ಹುಡುಗಿಯ ಚಿತ್ರಗಳಲ್ಲಿ ಒಂದು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಅವಳ ಅಜ್ಜನ ಎಚ್.ಎಂ.ಟಿ. ಗಡಿಯಾರದ ಮುಖ, ಹನ್ನೆರಡು ಅಂಕೆಗಳನ್ನು ಕನ್ನಡದಲ್ಲಿ ಬರೆದು, ನಡುವೆ ಗಂಡಭೇರುಂಡದ ರೆಕ್ಕೆಯುಳ್ಳ ಹೆಲಿಕಾಪ್ಟರನ್ನು ಹಾರಿಸಿದ್ದಳು. ತುಮಕೂರಿನ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆ ೧೯೭೮ರಲ್ಲಿ ಆರಂಭವಾಯಿತು. ಗಡಿಯಾರದ ಆ ಸಂಸ್ಥೆಯನ್ನೇ ಮುಚ್ಚುವುದೆಂದು ಕೇಂದ್ರ ಸರ್ಕಾರ ತೀರ್ಮಾನಿಸಿದ್ದು ೨೦೧೬ರ ಜನವರಿಯಲ್ಲಿ, ಬಿದರೆಹಳ್ಳಿ ಕಾವಲಿನಲ್ಲಿ ಶಂಕುಸ್ಥಾಪನೆಯಾದ ಅದೇ ತಿಂಗಳಿನಲ್ಲಿ. ಒಂದು ಜಿಲ್ಲೆಯ ಕೈಯಿಂದ ಗಡಿಯಾರ ಜಾರಿ ಹೆಲಿಕಾಪ್ಟರು ಬಂದ ಈ ಸಂಗತಿಯನ್ನು ಕುರಿತು ನಮ್ಮ ಸಂಘದಲ್ಲಿ ಒಂದು ಪದ್ಯವೂ ಹುಟ್ಟಲಿಲ್ಲ, ಒಂದು ಭಾಷಣವೂ ಆಗಲಿಲ್ಲ. ಆ ಹುಡುಗಿ ಅದನ್ನು ಅಂಗೈಯಗಲದ ಒಂದು ಚಿತ್ರದಲ್ಲಿ ಹಿಡಿದಿದ್ದಾಳೆ. ಇದನ್ನೇ ಅವಳ ತಂದೆ ದೆವ್ವ ಭೂತವೆಂದದ್ದು.

ಆ ಕನ್ನಡ ಅಂಕೆಗಳನ್ನು ಅವಳು ಎಲ್ಲಿಂದ ತಂದಳೆಂದು ವಿಚಾರಿಸಿದೆನು. ಗುಬ್ಬಿಯ ಹಳೆಯ ಅಂಗಡಿಯೊಂದರ ಮೇಲೆ ಬಣ್ಣ ಮಾಸಿದ ಬೋರ್ಡು ಉಳಿದಿತ್ತಂತೆ, ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಬಂದು, ಅಕ್ಷರಗಳ ತಿರುವನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿದಳಂತೆ. ಈ ವಿಷಯದಲ್ಲಿ ನಾನು ಒಂದು ಕ್ಷಣ ನಿಲ್ಲಬೇಕು. ಕನ್ನಡದ ಅಕ್ಷರ ಇಂಗ್ಲಿಷಿನ ಅಕ್ಷರದಂತೆ ಸಾಲಿನ ಮೇಲೆ ಸುಮ್ಮನೆ ನಿಲ್ಲುವುದಿಲ್ಲ. ತಲೆಕಟ್ಟು ಮೇಲೆ ಹರಿಯುತ್ತದೆ, ಒತ್ತಕ್ಷರ ಕೆಳಗೆ ಇಳಿಯುತ್ತದೆ. "ಲಕ್ಷ್ಮಿ" ಎಂದು ಬರೆದರೆ ಎರಡನೆಯ ಅಕ್ಷರಕ್ಕೆ ಎರಡು ಒತ್ತು. "ಜ್ಯೋತ್ಸ್ನಾ" ಎಂದರೆ ಬರೆಯುವವನ ಜಾಗವೆಲ್ಲ ಕೆಳಗೇ ಮುಗಿದುಹೋಗುತ್ತದೆ. ಕಂಪ್ಯೂಟರಿನ ಅಚ್ಚಕ್ಷರ ಇದಕ್ಕೆ ಮಾಡುವುದೇನೆಂದರೆ, ಸಾಲುಗಳ ನಡುವೆ ಬಯಲು ಬಿಡುವುದು ಅಥವಾ ಒತ್ತನ್ನು ಇರುವೆಯಷ್ಟು ಚಿಕ್ಕದಾಗಿಸುವುದು. ಬೋರ್ಡು ಬರೆಯುತ್ತಿದ್ದ ಕುಶಲಿ ಹಾಗೆ ಮಾಡುತ್ತಿರಲಿಲ್ಲ. ಒತ್ತನ್ನು ಪಕ್ಕದ ಅಕ್ಷರದ ಹೊಟ್ಟೆಯ ಕೆಳಗೆ ಸರಿಸುತ್ತಿದ್ದ, ತಲೆಕಟ್ಟನ್ನು ಒಂದೇ ಎಳೆತದಲ್ಲಿ ಮುಂದಿನ ಅಕ್ಷರದವರೆಗೆ ಒಯ್ಯುತ್ತಿದ್ದ, ದೀರ್ಘದ ಬಾಲವನ್ನು ಕುದುರೆಯ ಬಾಲದಂತೆ ಬೀಸುತ್ತಿದ್ದ. ಜವಳಿಯ ಅಂಗಡಿಗೆ ಒಂದು ಬಗೆ, ಔಷಧದ ಅಂಗಡಿಗೆ ಇನ್ನೊಂದು. ಫ್ಲೆಕ್ಸ್ ಬಂದಿತು; ಏಣಿ, ಕುಂಚ, ಎನಾಮೆಲ್ ಡಬ್ಬಗಳು ಬೀದಿಯಿಂದ ಮಾಯವಾದುವು. ಅಗ್ಗವಾಯಿತೆಂದು ಸಂತೋಷಪಟ್ಟವರ ಸಾಲಿನಲ್ಲಿ ನಮ್ಮ ಸಂಘಗಳೂ ಇದ್ದುವು. ಈಗ ಆ ವಿದ್ಯೆ ಎಲ್ಲಿಯಾದರೂ ಉಸಿರಾಡುತ್ತಿದ್ದರೆ, ರಾತ್ರಿ ಹನ್ನೊಂದು ಗಂಟೆಗೆ, ಸಂಬಳವಿಲ್ಲದೆ, ಮನೆಯವರ ಬೈಗುಳ ಕೇಳಿಕೊಂಡು ಹಳೆಯ ಬೋರ್ಡಿನ ಅಕ್ಷರವನ್ನು ತಿದ್ದುವ ಇಂಥ ಹುಡುಗ ಹುಡುಗಿಯರ ಕೈಯಲ್ಲಿ ಮಾತ್ರ.

ಇನ್ನೊಂದು ಆಕ್ಷೇಪವನ್ನು ಸಂಘದ ಕಿರಿಯ ಸದಸ್ಯರೊಬ್ಬರು ಎತ್ತಿದರು: ಈಗ ಯಂತ್ರಕ್ಕೆ ಬಾಯಲ್ಲಿ ಹೇಳಿದರೆ ಸಾಕು, ಕ್ಷಣದಲ್ಲಿ ಚಿತ್ರ ಬರೆದು ಕೊಡುತ್ತದೆ, ಇಷ್ಟು ಶ್ರಮವೇತಕ್ಕೆ? ೨೦೨೫ರ ಮಾರ್ಚಿಯಲ್ಲಿ ನಡೆದ ಹುಚ್ಚು ನಿಮಗೆ ನೆನಪಿರಬಹುದು. ಜಪಾನಿನ ಜಿಬ್ಲಿ ಚಿತ್ರಶಾಲೆಯವರು ದಶಕಗಳ ಕಾಲ ಕೈಯಿಂದ ಬರೆದು ಬೆಳೆಸಿದ ಶೈಲಿಯಲ್ಲಿ ಯಂತ್ರವು ಎಲ್ಲರ ಫೋಟೋಗಳನ್ನೂ ಮಾರ್ಪಡಿಸಿ ಕೊಡತೊಡಗಿತು. ಮಗಳು ಚಿತ್ರ ಬರೆದರೆ ಹೊತ್ತುಗಳೆತವೆಂದು ಗದರಿಸುವ ಅದೇ ತಂದೆತಾಯಿಗಳು ತಮ್ಮ ಮದುವೆಯ ಫೋಟೋವನ್ನು ಯಂತ್ರಕ್ಕೆ ಕೊಟ್ಟು, ಬಂದ ಚಿತ್ರವನ್ನು ವಾಟ್ಸಾಪಿನಲ್ಲಿ ಬಂಧುಗಳಿಗೆಲ್ಲ ಹಂಚಿದರು. ಮಗಳು ಬರೆದರೆ ಕಾಲಹರಣ, ಯಂತ್ರ ಬರೆದರೆ ಸೋಜಿಗ! ಯಂತ್ರ ಆ ಶೈಲಿಯನ್ನು ಎಲ್ಲಿಂದ ಕಲಿಯಿತು? ಯಾರೋ ಬರೆದು, ಯಾರೋ ಕಾದಿಟ್ಟುದರಿಂದ. ಜಪಾನಿನವರು ಕಾದಿಟ್ಟರು. ಗುಬ್ಬಿಯ ಪರದೆಯ ಶೈಲಿಯಲ್ಲಿ ನನ್ನ ಮನೆಯವರ ಚಿತ್ರ ಬೇಕೆಂದು ಯಂತ್ರವನ್ನು ಕೇಳಿ ನೋಡಿ, ಏನು ಕೊಡುತ್ತದೆಂದು ಕಾಣಬಹುದು. ನಾವು ರದ್ದಿಗೆ ಹಾಕಿದ್ದನ್ನು ಯಂತ್ರ ಹೆಕ್ಕಿ ತರಲಾರದು.

ಸಂಘದ ಬಗ್ಗೆ ಒಂದು ಮಾತು ಹೇಳದಿದ್ದರೆ ಪಕ್ಷಪಾತವಾದೀತು. ನಮ್ಮ ಸಾಹಿತ್ಯ ಸಂಘಗಳ ಸ್ಮರಣ ಸಂಚಿಕೆಗಳನ್ನು ತೆಗೆದು ನೋಡಿ. ಒಳಗೆ ಕವಿಗಳ ಹೆಸರು, ಊರು, ಬಿರುದು, ಭಾವಚಿತ್ರ. ಮುಖಪುಟದ ಚಿತ್ರ ಬರೆದವರ ಹೆಸರು ಹಿಂದಿನ ಪುಟದ ಮೂಲೆಯಲ್ಲಿಯೂ ಇರುವುದಿಲ್ಲ. ಎಷ್ಟೋ ವೇಳೆ ಯಾರೂ ಬರೆದೇ ಇರುವುದಿಲ್ಲ. ಮುದ್ರಣಾಲಯದ ಹುಡುಗ ಕಂಪ್ಯೂಟರಿನಲ್ಲಿ ಸಿಕ್ಕಿದ ಒಂದು ವೀಣೆ, ಒಂದು ಹಂಸವನ್ನು ಅಂಟಿಸಿರುತ್ತಾನೆ. ೧೯೪೨ರಲ್ಲಿ ರಾಶಿಯವರು ಕೊರವಂಜಿಯನ್ನು ಆರಂಭಿಸಿದ ಕಾಲದಲ್ಲಿ, ಇನ್ನೂ ಹೆಸರಾಗದ ಮೈಸೂರಿನ ತರುಣರೊಬ್ಬರಿಗೆ ಅದರಲ್ಲಿ ಚಿತ್ರ ಬರೆಯುವ ಅವಕಾಶ ದೊರೆಯಿತು. ಆ ತರುಣರೇ ಆರ್. ಕೆ. ಲಕ್ಷ್ಮಣ್. ನಮ್ಮ ಪತ್ರಿಕೆಯ ಹೊದಿಕೆಯನ್ನು ಈ ಜಿಲ್ಲೆಯ ಯಾವ ತರುಣನಿಗೆ ನಾವು ಕೊಟ್ಟಿದ್ದೇವೆ? ಸಂಭಾವನೆಯ ಮಾತು ಹಾಗಿರಲಿ. ಹಾರ ಶಾಲುಗಳಿಗೆ ವೆಚ್ಚವಾಗುವುದರಲ್ಲಿ ಎರಡು ಶಾಲು ಕಡಮೆ ಮಾಡಿದರೆ ಒಂದು ಮುಖಪುಟದ ಚಿತ್ರಕ್ಕೆ ಗೌರವವಾಗಿ ಕೊಡಬಹುದು. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ಸೂಚನೆಯನ್ನು ಲಿಖಿತವಾಗಿ ಮಂಡಿಸುವೆನು. ಜೊತೆಗೆ ಇನ್ನೊಂದು ಸೂಚನೆ: ಸದಸ್ಯರ ಮನೆಗಳಲ್ಲಿ ಉಳಿದಿರುವ ಹಳೆಯ ಕ್ಯಾಲೆಂಡರು, ನಾಟಕದ ಕರಪತ್ರ, ಬೆಂಕಿಪೊಟ್ಟಣದ ಚೀಟಿ, ಲಗ್ನಪತ್ರಿಕೆ, ಮಕ್ಕಳ ಮಾಸಪತ್ರಿಕೆಗಳನ್ನು ಸಂಘದ ಕೊಠಡಿಗೆ ತಂದುಕೊಟ್ಟರೆ, ಅವುಗಳನ್ನು ಸ್ಕ್ಯಾನ್ ಮಾಡಿ ಹಿಂದಿರುಗಿಸತಕ್ಕದ್ದು. ಮಾಡುವುದಕ್ಕೆ ಜನವಿಲ್ಲವೆನ್ನಬೇಡಿ. ಆ ಹುಡುಗಿ ಒಪ್ಪಿದ್ದಾಳೆ, ಅವಳ ಸ್ನೇಹಿತರು ಇಬ್ಬರು ಬರುತ್ತಾರಂತೆ.

ನನ್ನ ಅಟ್ಟದಲ್ಲಿ ಕಡೆಗೂ ಒಂದು ವಸ್ತು ಸಿಕ್ಕಿತು. ಹಳೆಯ ಪಂಚಾಂಗಗಳ ಪೆಟ್ಟಿಗೆಯ ತಳಕ್ಕೆ ಹಾಸಿದ್ದ ಒಂದು ಕ್ಯಾಲೆಂಡರು. ತಾರೀಖಿನ ಹಾಳೆಗಳು ಹೋಗಿವೆ, ಗಂಗಾವತರಣದ ಚಿತ್ರ ಮಾತ್ರ ಉಳಿದಿದೆ, ಶಿವನ ಒಂದು ಭುಜವನ್ನು ಗೆದ್ದಲು ತಿಂದಿದೆ. ಮುಂದಿನ ವಾರ ಬಿದರೆಹಳ್ಳಿ ಕಾವಲ್ ಕಡೆಗೆ ಹೋದಾಗ ಅದನ್ನು ಒಯ್ದು ಕೊಟ್ಟೆನು. ಹುಡುಗಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ನೀರಿನ ಬಿಳಿಯ ಒಳಗೆ ಹಳದಿ ಎಷ್ಟಿದೆ ನೋಡಿ ಎಂದು ನನಗೇ ಪಾಠ ಹೇಳಿದಳು. ತಂದೆಯೂ ಬಂದು ಇಣುಕಿ, "ಇದು ನಮ್ಮ ಮನೇಲೂ ಇತ್ತಲ್ಲ ಮೇಷ್ಟ್ರೇ, ನಡುಮನೆ ಬಾಗಿಲ ಮೇಲೆ" ಎಂದರು. ಎಲ್ಲಿ ಹೋಯಿತೆಂದು ಮಗಳು ಕೇಳಿದಳು. ಅವರು ಉತ್ತರ ಹೇಳಲಿಲ್ಲ. ಅವಳು ಟ್ಯಾಬ್ಲೆಟ್ ತೆಗೆದು, ಶಿವನನ್ನೂ ಗಂಗೆಯನ್ನೂ ಸದ್ಯಕ್ಕೆ ಬಿಟ್ಟು, ಚಿತ್ರದ ಕೆಳಗೆ ಕೆಂಪಿನಲ್ಲಿ ಅಚ್ಚಾಗಿದ್ದ ಎಣ್ಣೆ ಅಂಗಡಿಯ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ತಿದ್ದಲು ಕುಳಿತಳು.